ರ‍್ಯಾಮ್ ಖಾಲಿ ಮಾಡುವ ಗೀಳು

"ಸರ್, ಸರ್ವರ್ ಮೆಮೊರಿ ಪೂರ್ತಿ ತುಂಬಿಹೋಗಿದೆ. ಕ್ಯಾಶ್ ಕ್ಲಿಯರ್ ಮಾಡಿಬಿಡಲಾ?"

ಸಾಫ್ಟ್‌ವೇರ್ ಕೆಲಸದಲ್ಲಿರುವ ಯಾರಿಗೂ ಈ ಪ್ರಶ್ನೆ ಹೊಸದಲ್ಲ. ಕೇಳುವವರು ಲಿನಕ್ಸ್‌ನಲ್ಲಿ 'ಫ್ರೀ' ಕಮಾಂಡ್ ಕೊಟ್ಟು ನೋಡಿರುತ್ತಾರೆ. ಒಟ್ಟು 16 ಜಿಬಿ ಇರುವ ಯಂತ್ರದಲ್ಲಿ 'ಫ್ರೀ' ಎಂಬ ಕಾಲಂನಲ್ಲಿ ಬರೀ 300 ಎಂಬಿ ಕಾಣುತ್ತದೆ. ಎದೆ ಧಸಕ್ಕೆನ್ನುತ್ತದೆ. ಎಲ್ಲಿಂದಲೋ ನಕಲು ಮಾಡಿಕೊಂಡ ಒಂದು ಸಾಲು ಟರ್ಮಿನಲ್‌ಗೆ ಬೀಳುತ್ತದೆ: 'ಡ್ರಾಪ್ ಕ್ಯಾಶಸ್' ಎಂಬ ಫೈಲ್‌ಗೆ 3 ಎಂಬ ಅಂಕಿ ಬರೆಯುವ ಸಾಲು. ಮರುಕ್ಷಣವೇ ಫ್ರೀ ಕಾಲಂ 11 ಜಿಬಿಗೆ ಏರುತ್ತದೆ, ಎಲ್ಲರಿಗೂ ನೆಮ್ಮದಿ. ಇಷ್ಟಕ್ಕೇ ನಿಂತರೆ ಸಹಿಸಬಹುದಿತ್ತು. ಆದರೆ ಅದೇ ಸಾಲನ್ನು ಕ್ರಾನ್‌ಗೆ ಸೇರಿಸಿ, ಗಂಟೆಗೊಮ್ಮೆ ತಾನಾಗಿ ಓಡುವಂತೆ ಮಾಡಿ, ಅದನ್ನು 'ಆಪ್ಟಿಮೈಸೇಷನ್' ಎಂದು ಕರೆಯುವವರಿದ್ದಾರೆ. ಅವರೂ ಓದಿದವರು, ಅನುಭವಸ್ಥರು. ಅದಕ್ಕೇ ನನಗೆ ತಾಳ್ಮೆ ತಪ್ಪುವುದು.

ರ‍್ಯಾಮ್ ಖಾಲಿ ಇದ್ದಷ್ಟೂ ಕಂಪ್ಯೂಟರ್ ಚುರುಕು ಎಂಬುದು ನಂಬಿಕೆ. ಖಾಲಿ ಬಿದ್ದಿರುವ ರ‍್ಯಾಮ್ ಆ ಹೊತ್ತಿನಲ್ಲಿ ಯಾರಿಗೂ ಏನೂ ಮಾಡಿಕೊಡುತ್ತಿಲ್ಲ ಎಂಬುದು ಸತ್ಯ. ಅದಕ್ಕೆ ಹಣ ಕೊಟ್ಟಿದ್ದೀರಿ, ವಿದ್ಯುತ್ ಕೊಡುತ್ತಿದ್ದೀರಿ, ಕ್ಲೌಡ್‌ನಲ್ಲಾದರೆ ಗಂಟೆ ಲೆಕ್ಕದಲ್ಲಿ ಬಾಡಿಗೆಯನ್ನೂ ಕಟ್ಟುತ್ತಿದ್ದೀರಿ.

ಆ 11 ಜಿಬಿಯಲ್ಲಿ ಇದ್ದದ್ದಾದರೂ ಏನು? ಬಹುಪಾಲು ಪೇಜ್ ಕ್ಯಾಶ್. ಡಿಸ್ಕ್‌ನಿಂದ ಒಮ್ಮೆ ಓದಿದ ಫೈಲ್‌ನ ತುಣುಕುಗಳನ್ನು, ಸಾಮಾನ್ಯವಾಗಿ 4 ಕೆಬಿ ಗಾತ್ರದ ಪೇಜ್‌ಗಳ ಲೆಕ್ಕದಲ್ಲಿ, ಲಿನಕ್ಸ್ ಕರ್ನೆಲ್ ಮೆಮೊರಿಯಲ್ಲೇ ಉಳಿಸಿಕೊಳ್ಳುತ್ತದೆ. ಮತ್ತೆ ಅದೇ ಫೈಲ್ ಬೇಕಾದಾಗ ಡಿಸ್ಕ್‌ನ ಬಾಗಿಲು ತಟ್ಟಬೇಕಾಗುವುದಿಲ್ಲ. ಈ ಉಳಿತಾಯ ಎಷ್ಟು ದೊಡ್ಡದೆಂದು ತಿಳಿಯಲು ಮೂರು ಸಂಖ್ಯೆ ಸಾಕು. ರ‍್ಯಾಮ್‌ನಿಂದ ಓದಲು ಸುಮಾರು 100 ನ್ಯಾನೋಸೆಕೆಂಡ್ ಬೇಕು. ಒಳ್ಳೆಯ ಎಸ್‌ಎಸ್‌ಡಿಯಿಂದ ಓದಲು ಸುಮಾರು 100 ಮೈಕ್ರೋಸೆಕೆಂಡ್, ಅಂದರೆ ಸಾವಿರ ಪಟ್ಟು. ತಿರುಗುವ ಹಾರ್ಡ್ ಡಿಸ್ಕ್‌ಗೆ 10 ಮಿಲಿಸೆಕೆಂಡ್ ಆಸುಪಾಸು, ಅಂದರೆ ಲಕ್ಷ ಪಟ್ಟು. ಕ್ಯಾಶ್ ಕ್ಲಿಯರ್ ಮಾಡಿದವರು ಆ ಮೊದಲ ಸಂಖ್ಯೆಯಿಂದ ಎಲ್ಲವನ್ನೂ ಎರಡನೆಯ ಅಥವಾ ಮೂರನೆಯ ಸಂಖ್ಯೆಗೆ ತಳ್ಳಿರುತ್ತಾರೆ. ಕೈಗೆಟುಕುವಂತೆ ಇಟ್ಟ ಸಾಸಿವೆ, ಬೇಳೆ, ಉಪ್ಪಿನ ಡಬ್ಬಿಗಳನ್ನೆಲ್ಲ ಗಂಟೆಗೊಮ್ಮೆ ಅಟ್ಟಕ್ಕೆ ಸಾಗಿಸಿ, ಅಡುಗೆಕಟ್ಟೆ ಎಷ್ಟು ಚೊಕ್ಕಟ ನೋಡಿ ಎಂದ ಹಾಗೆ ಇದು.

ಇನ್ನೂ ಒಂದು ಸಂಗತಿ ಈ ಭಯದ ಬುಡವನ್ನೇ ಅಲ್ಲಾಡಿಸುತ್ತದೆ. ಕ್ಯಾಶ್‌ನಲ್ಲಿರುವ ಮೆಮೊರಿ ಯಾರ ಸ್ವತ್ತೂ ಆಗಿ ಕೂತಿಲ್ಲ. ಯಾವುದಾದರೂ ಪ್ರೋಗ್ರಾಂ ಜಾಗ ಕೇಳಿದರೆ, ಬಹಳ ಹೊತ್ತಿನಿಂದ ಯಾರೂ ಮುಟ್ಟದ ಪೇಜ್‌ಗಳನ್ನು ಕರ್ನೆಲ್ ಕೈಬಿಟ್ಟು ಆ ಜಾಗ ಕೊಡುತ್ತದೆ. ಬದಲಾಗದ ಪೇಜ್‌ಗಳ ಮೂಲ ಪ್ರತಿ ಡಿಸ್ಕ್‌ನಲ್ಲೇ ಇರುವುದರಿಂದ ಅವನ್ನು ಕೈಬಿಡಲು ಕ್ಷಣವೂ ಬೇಡ. ಅದಕ್ಕಾಗಿಯೇ 'ಅವೇಲಬಲ್' ಎಂಬ ಇನ್ನೊಂದು ಕಾಲಂ ಇದೆ. ಸ್ವಾಪ್, ಅಂದರೆ ಮೆಮೊರಿಗೆ ಬದಲಿಯಾಗಿ ಬಳಸುವ ಡಿಸ್ಕ್ ಜಾಗ, ಮುಟ್ಟದೆ ಹೊಸ ಪ್ರೋಗ್ರಾಂಗಳಿಗೆ ಎಷ್ಟು ಮೆಮೊರಿ ಕೊಡಬಹುದು ಎಂಬ ಕರ್ನೆಲ್‌ನ ಸ್ವಂತ ಅಂದಾಜು ಅದು. 2014ರಲ್ಲಿ ಬಂದ 3.14ನೇ ಆವೃತ್ತಿಯಿಂದ ಈ ಸಂಖ್ಯೆಯನ್ನು ಕರ್ನೆಲ್ಲೇ ಲೆಕ್ಕ ಹಾಕಿ ಕೊಡುತ್ತಿದೆ. ಜನ 'ಫ್ರೀ' ಕಾಲಂ ನೋಡಿ ಸುಮ್ಮಸುಮ್ಮನೆ ಗಾಬರಿಯಾಗುತ್ತಿದ್ದುದೂ ಅದನ್ನು ಸೇರಿಸಲು ಒಂದು ಕಾರಣ. ಹತ್ತು ವರ್ಷ ಮೇಲಾಯಿತು. ಗಾಬರಿ ಮಾತ್ರ ಹಾಗೇ ಇದೆ, ಏಕೆಂದರೆ ಸಾಲಿನ ಕೊನೆಯಲ್ಲಿರುವ ಆ ಸಂಖ್ಯೆಯತ್ತ ಕಣ್ಣೇ ಹೋಗುವುದಿಲ್ಲ.

ಡ್ರಾಪ್ ಕ್ಯಾಶಸ್ ಸೌಲಭ್ಯ ಇರುವುದಾದರೂ ಏಕೆ ಎಂದು ಕೇಳಬಹುದು. ಅದು ಪರೀಕ್ಷೆಗಾಗಿ ಇದೆ. ನಿಮ್ಮ ಡೇಟಾಬೇಸ್ ತಣ್ಣನೆಯ ಸ್ಥಿತಿಯಲ್ಲಿ, ಕ್ಯಾಶ್ ಏನೂ ಇಲ್ಲದಾಗ, ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ ಎಂದು ಅಳೆಯಬೇಕಾದರೆ ಯಂತ್ರವನ್ನು ರೀಬೂಟ್ ಮಾಡುವ ಬದಲು ಇದನ್ನು ಬಳಸಬಹುದು. ಕ್ಯಾಶ್ ಬೆಳೆಯದಂತೆ ತಡೆಯುವ ಸಾಧನ ಇದಲ್ಲ, ಬಳಸಿದರೆ ವೇಗಕ್ಕೆ ಪೆಟ್ಟು ಬೀಳಬಹುದು, ಪರೀಕ್ಷೆ ಮತ್ತು ಡೀಬಗ್ಗಿಂಗ್ ಬಿಟ್ಟು ಬೇರೆಡೆ ಸಲ್ಲದು ಎಂದು ಕರ್ನೆಲ್‌ನ ದಾಖಲೆಯಲ್ಲೇ ಬರೆದಿದ್ದಾರೆ. ಯಾರಾದರೂ ಇದನ್ನು ಓಡಿಸಿದರೆ ಕರ್ನೆಲ್ ತನ್ನ ಲಾಗ್‌ನಲ್ಲಿ ಅದನ್ನು ದಾಖಲಿಸುತ್ತದೆ ಕೂಡ. ಆಗಾಗ ನಿಧಾನವಾಗುವ ಸರ್ವರ್ ನಿಮ್ಮ ಪಾಲಿಗೆ ಬಂದಿದ್ದರೆ ಆ ಲಾಗ್ ತೆಗೆದು ನೋಡಿ. ನಿಧಾನವಾಗುವ ಹೊತ್ತಿಗೂ ಆ ದಾಖಲೆಗೂ ತಾಳೆಯಾದರೆ ಕಾಯಿಲೆ ಸಿಕ್ಕಂತೆಯೇ.

ಡೇಟಾಬೇಸ್ ಇರುವ ಯಂತ್ರದಲ್ಲಿ ಇದರ ಹಾನಿ ಇನ್ನೂ ಹೆಚ್ಚು. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್‌ನ ಸ್ವಂತ ಬಫರ್‌ಗೆ ಒಟ್ಟು ಮೆಮೊರಿಯ ಶೇಕಡಾ 25 ಕೊಟ್ಟು ಶುರು ಮಾಡಿ, ಶೇಕಡಾ 40 ದಾಟಿದರೆ ಹೆಚ್ಚಿನ ಲಾಭ ಸಿಗುವ ಸಂಭವ ಕಡಿಮೆ ಎಂದು ಅದರ ಕೈಪಿಡಿ ಹೇಳುತ್ತದೆ. ಉಳಿದ ಮುಕ್ಕಾಲು ಪಾಲು ದಂಡಕ್ಕೆ ಬಿಟ್ಟದ್ದಲ್ಲ. ಅಲ್ಲಿ ಆಪರೇಟಿಂಗ್ ಸಿಸ್ಟಂನ ಕ್ಯಾಶ್ ಇರುತ್ತದೆ ಎಂದು ನೆಚ್ಚಿಕೊಂಡೇ ಪೋಸ್ಟ್‌ಗ್ರೆಸ್ ಕಟ್ಟಲಾಗಿದೆ. ಆ ಕ್ಯಾಶ್ ಅಳಿಸಿದ ಮೇಲೆ ಕ್ವೆರಿ ಏಕೆ ತಡವಾಯಿತು ಎಂದು ಇಂಡೆಕ್ಸ್‌ನಲ್ಲಿ ತಪ್ಪು ಹುಡುಕುತ್ತ ಕೂರುವುದು ನ್ಯಾಯವಲ್ಲ. ಕಂಟೇನರ್‌ಗಳಲ್ಲೂ ಇದೇ ಗೊಂದಲ. ಮೆಮೊರಿ 'ಯೂಸೇಜ್' ಎಂದು ಗ್ರಾಫ್‌ನಲ್ಲಿ ಏರುವ ಗೆರೆಯಲ್ಲಿ ಫೈಲ್ ಕ್ಯಾಶ್ ಕೂಡ ಸೇರಿರುತ್ತದೆ. ಕುಬರ್ನೆಟೀಸ್‌ನಲ್ಲಿ ಪಾಡ್ ಹೊರದಬ್ಬುವ ತೀರ್ಮಾನಕ್ಕೆ ಬಳಕೆಯಾಗುವುದು 'ವರ್ಕಿಂಗ್ ಸೆಟ್' ಎಂಬ ಬೇರೆ ಸಂಖ್ಯೆ. ಅಲರ್ಟ್ ಇಡುವುದಿದ್ದರೆ ಅದರ ಮೇಲೆ ಇಡಿ.

ವಿಂಡೋಸ್ ಬಳಕೆದಾರರು ನಮಗಿದು ಸಂಬಂಧವಿಲ್ಲ ಎಂದುಕೊಳ್ಳಬೇಡಿ. ಅಲ್ಲಿ ಇದೇ ಗೀಳು 'ರ‍್ಯಾಮ್ ಕ್ಲೀನರ್', 'ಬೂಸ್ಟರ್' ಎಂಬ ಹೆಸರಿನಲ್ಲಿ ಮಾರಾಟಕ್ಕಿದೆ. ಗುಂಡಿ ಒತ್ತಿದೊಡನೆ ಬಳಕೆಯ ಶೇಕಡಾವಾರು ಸರ್ರನೆ ಇಳಿಯುವುದು ನಿಜ. ಅದು ಮಾಡುವ ಕೆಲಸ ಇಷ್ಟೇ: ಓಡುತ್ತಿರುವ ಪ್ರತಿ ಪ್ರೋಗ್ರಾಂನ ಪೇಜ್‌ಗಳನ್ನೂ ಅದರ ಕೈಯಿಂದ ಕಿತ್ತುಕೊಳ್ಳುವಂತೆ ವಿಂಡೋಸ್‌ಗೆ ಹೇಳುತ್ತದೆ. ಬದಲಾದ ಪೇಜ್‌ಗಳು ಪೇಜ್ ಫೈಲ್‌ಗೆ, ಅಂದರೆ ಡಿಸ್ಕ್‌ಗೆ, ಹೋಗುವ ಸಾಲಿನಲ್ಲಿ ನಿಲ್ಲುತ್ತವೆ. ನೀವು ಬ್ರೌಸರ್‌ಗೆ ಹಿಂದಿರುಗಿದ ಕೂಡಲೇ ಅದಕ್ಕೆ ಆ ಪೇಜ್‌ಗಳೆಲ್ಲ ಮತ್ತೆ ಬೇಕು, ಒಂದೊಂದಾಗಿ ವಾಪಸ್ ಬರಬೇಕು. ಸಂಖ್ಯೆ ಇಳಿದದ್ದು ಕಂಡಿತು, ಬ್ರೌಸರ್ ತೊದಲಿದ್ದು ಲೆಕ್ಕಕ್ಕೆ ಬರಲಿಲ್ಲ. ವಿಂಡೋಸ್‌ನ ಒಳಗನ್ನು ಬಲ್ಲ ಮಾರ್ಕ್ ರಸಿನೋವಿಚ್ ಈ ಸಾಧನಗಳ ಪೊಳ್ಳನ್ನು ಬಹಳ ಹಿಂದೆಯೇ ಬಿಡಿಸಿ ಬರೆದಿದ್ದಾರೆ.

ಅದೇ ರಸಿನೋವಿಚ್ ಇನ್ನೊಂದು ಹಗರಣದಲ್ಲೂ ಬರುತ್ತಾರೆ. 1995ರಲ್ಲಿ ಅಮೆರಿಕದ ಸಿಂಕ್ರೊನಿಸ್ ಎಂಬ ಕಂಪನಿ 'ಸಾಫ್ಟ್‌ರ‍್ಯಾಮ್ 95' ಎಂಬ ಸಾಫ್ಟ್‌ವೇರ್ ಮಾರಿತು. ಕಂಪ್ರೆಷನ್ ಮೂಲಕ ನಿಮ್ಮ ರ‍್ಯಾಮ್ ಇಮ್ಮಡಿಯಾಗುತ್ತದೆ ಎಂದು ಡಬ್ಬಿಯ ಮೇಲೆ ಭರವಸೆ. ಆಗ ರ‍್ಯಾಮ್ ದುಬಾರಿ, ಪ್ರತಿಗಳು ಲಕ್ಷಗಟ್ಟಲೆ ಖರ್ಚಾದವು. ರಸಿನೋವಿಚ್ ಮತ್ತಿತರರು ಕೋಡ್ ಬಿಚ್ಚಿ ನೋಡಿದರೆ ಕಂಪ್ರೆಷನ್ ಎಂಬುದು ಅಲ್ಲಿ ನಡೆಯುತ್ತಲೇ ಇರಲಿಲ್ಲ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಮಧ್ಯೆ ಬಂತು, 1996ರಲ್ಲಿ ಕಂಪನಿ ರಾಜಿ ಮಾಡಿಕೊಳ್ಳಬೇಕಾಯಿತು. ನನ್ನನ್ನು ಕಾಡುವುದು ಆ ಕಂಪನಿಯ ವಂಚನೆಯಲ್ಲ, ಕೊಂಡುಕೊಂಡವರ ತೃಪ್ತಿ. ಏನೂ ಮಾಡದ ಸಾಫ್ಟ್‌ವೇರ್ ಹಾಕಿಕೊಂಡು ಯಂತ್ರ ವೇಗವಾಯಿತು ಎಂದುಕೊಂಡವರು ಇದ್ದರು. ಪರದೆಯ ಮೇಲಿನ ಮುಳ್ಳು ತಿರುಗಿದ್ದೇ ಅವರಿಗೆ ಸಾಕ್ಷಿಯಾಗಿತ್ತು. ನಿಜವಾದ ಮೆಮೊರಿ ಕಂಪ್ರೆಷನ್ ಮುಂದೆ ಬಂದೇ ಬಂತು: 2013ರಲ್ಲಿ ಆಪಲ್‌ನ ಮ್ಯಾವರಿಕ್ಸ್‌ನಲ್ಲಿ, 2015ರಲ್ಲಿ ವಿಂಡೋಸ್ 10ರಲ್ಲಿ. ಅದು ಆಪರೇಟಿಂಗ್ ಸಿಸ್ಟಂನ ಒಳಗೇ ನಡೆಯುತ್ತದೆ, ಯಾವ ಗುಂಡಿಯೂ ಒತ್ತಬೇಕಿಲ್ಲ.

ಈ ನಂಬಿಕೆ ಗಾಳಿಯಲ್ಲಿ ಹುಟ್ಟಿದ್ದಲ್ಲ ಎಂಬುದನ್ನೂ ಹೇಳಬೇಕು. ಡಾಸ್ ಕಾಲದಲ್ಲಿ ಪ್ರೋಗ್ರಾಂಗಳಿಗೆ ಸಿಗುತ್ತಿದ್ದುದು 640 ಕೆಬಿ. ಅದರಲ್ಲಿ ಹತ್ತಿಪ್ಪತ್ತು ಕೆಬಿ ಬಿಡಿಸಿಕೊಂಡರೆ ಓಡದ ಪ್ರೋಗ್ರಾಂ ಓಡುತ್ತಿತ್ತು. ವಿಂಡೋಸ್ 3.1ರಲ್ಲಿ ಕಿಟಕಿ, ಐಕಾನ್, ಮೆನುಗಳ ಲೆಕ್ಕ ಇಡಲು ಮೀಸಲಾಗಿದ್ದ 64 ಕೆಬಿಯ ಪುಟ್ಟ ಜಾಗಗಳು ತುಂಬಿದರೆ, ಎಷ್ಟೇ ರ‍್ಯಾಮ್ ಉಳಿದಿದ್ದರೂ ಮೆಮೊರಿ ಸಾಲದು ಎಂಬ ಸಂದೇಶ ಬರುತ್ತಿತ್ತು. ಆ ಕಾಲದವರು ಒಂದೊಂದೇ ಪ್ರೋಗ್ರಾಂ ಮುಚ್ಚುತ್ತಿದ್ದುದಕ್ಕೆ ಅರ್ಥವಿತ್ತು. ಕಾರಣ ಹೋಗಿ ಮೂರು ದಶಕವಾಯಿತು, ಆಚರಣೆ ಉಳಿಯಿತು.

ಫೋನ್‌ನಲ್ಲಿ ಆ್ಯಪ್‌ಗಳನ್ನು ಒಂದೊಂದಾಗಿ ಮೇಲಕ್ಕೆ ತಳ್ಳಿ ಮುಚ್ಚುವುದೂ ಇದರ ಮುಂದುವರಿಕೆಯೇ. ಹಿನ್ನೆಲೆಗೆ ಸರಿದ ಬಹುತೇಕ ಆ್ಯಪ್‌ಗಳು ಮೆಮೊರಿಯಲ್ಲಿ ಸುಮ್ಮನೆ ತಂಗಿರುತ್ತವೆ, ಜಾಗ ಬೇಕಾದರೆ ಆಂಡ್ರಾಯ್ಡ್ ತಾನೇ ಅವನ್ನು ತೆಗೆಯುತ್ತದೆ. ನೀವು ಮುಚ್ಚಿ ಮತ್ತೆ ತೆರೆದಾಗ ಮೊದಲಿನಿಂದ ಎಲ್ಲವನ್ನೂ ಲೋಡ್ ಮಾಡಲು ಹೆಚ್ಚು ಬ್ಯಾಟರಿ ಹೋಗುತ್ತದೆ. 2016ರಲ್ಲಿ ಆಪಲ್‌ನ ಕ್ರೇಗ್ ಫೆಡರಿಘಿ ಐಫೋನ್ ಬಗ್ಗೆಯೂ, ಆಂಡ್ರಾಯ್ಡ್ ಮುಖ್ಯಸ್ಥರಾಗಿದ್ದ ಹಿರೋಶಿ ಲಾಕ್‌ಹೈಮರ್ ಆಂಡ್ರಾಯ್ಡ್ ಬಗ್ಗೆಯೂ ಇದರಿಂದ ಪ್ರಯೋಜನವಿಲ್ಲ ಎಂದು ಹೇಳಿಯಾಗಿದೆ. ಹ್ಯಾಂಗ್ ಆದ ಆ್ಯಪ್ ಇದ್ದರೆ ಅದೊಂದನ್ನು ಮುಚ್ಚಿ, ಸಾಕು.

ಇಂಥವೇ ಉಳಿದ ನಂಬಿಕೆಗಳನ್ನು ಚುಟುಕಾಗಿ ಹೇಳುತ್ತೇನೆ. ಡೆಸ್ಕ್‌ಟಾಪ್ ಮೇಲೆ ರೈಟ್ ಕ್ಲಿಕ್ ಮಾಡಿ ಏಳೆಂಟು ಸಲ ರಿಫ್ರೆಶ್ ಒತ್ತಿದರೆ ಐಕಾನ್‌ಗಳನ್ನು ಮತ್ತೆ ಬಿಡಿಸಲಾಗುತ್ತದೆ, ಮೆಮೊರಿಗೂ ಪ್ರೊಸೆಸರ್‌ಗೂ ಯಾವ ಉಪಕಾರವೂ ಇಲ್ಲ. ಸಿಸ್ಟಂ ಸರ್ವಿಸ್ ಎಂದು ಅಂಗಡಿಯವರು 'ಪ್ರಿಫೆಚ್' ಫೋಲ್ಡರ್ ಅಳಿಸುತ್ತಾರಲ್ಲ, ಯಾವ ಪ್ರೋಗ್ರಾಂ ಶುರುವಾಗುವಾಗ ಏನೇನು ಓದುತ್ತದೆ ಎಂದು ವಿಂಡೋಸ್ ಬರೆದಿಟ್ಟುಕೊಂಡ ಟಿಪ್ಪಣಿಗಳು ಅಲ್ಲಿರುತ್ತವೆ. ಅಳಿಸಿದರೆ ಮುಂದಿನ ಸಲ ಇನ್ನೂ ತಡ. ಎಸ್‌ಎಸ್‌ಡಿಯನ್ನು ಹೊರಗಿನ ಸಾಫ್ಟ್‌ವೇರ್ ಹಾಕಿ ಡಿಫ್ರಾಗ್ ಮಾಡಿದರೆ ಬರವಣಿಗೆ ಹೆಚ್ಚಿ ಅದು ಸವೆಯುತ್ತದೆ, ಅಷ್ಟೇ. ಜಾವಾ ಕೋಡ್‌ನಲ್ಲಿ ಅಲ್ಲಲ್ಲಿ ಗಾರ್ಬೇಜ್ ಕಲೆಕ್ಷನ್ ಕರೆಯುವುದು ಸಾಮಾನ್ಯವಾಗಿ ಇಡೀ ಪ್ರೋಗ್ರಾಂ ಅನ್ನು ಅಕಾಲದಲ್ಲಿ ತಡೆದು ನಿಲ್ಲಿಸುತ್ತದೆ.

ಇವೆಲ್ಲ ಒಂದೇ ಕಡೆಯಿಂದ ಬರುತ್ತವೆ. ನಾಲ್ಕು ಸಾಲಿನ ಕೋಡ್ ರಿವ್ಯೂಗೆ ಬಂದರೆ ನಲವತ್ತು ಪ್ರಶ್ನೆ ಕೇಳುವ ನಮ್ಮ ಎಂಜಿನಿಯರುಗಳು, ಯಾರೋ ಬರೆದ ಕಮಾಂಡ್ ಒಂದನ್ನು ರೂಟ್ ಅಧಿಕಾರದಲ್ಲಿ ಓಡಿಸುವಾಗ ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ. ಕೈಪಿಡಿಯ ಒಂದು ಪ್ಯಾರಾ ಓದಲು ಎರಡು ನಿಮಿಷ ಸಾಕು. ಕ್ಯಾಶ್ ಕ್ಲಿಯರ್ ಮಾಡುವ ಮೊದಲು ಮತ್ತು ನಂತರ ಅದೇ ಕ್ವೆರಿಯ ಸಮಯ ಅಳೆದು ನೋಡಲು ಐದು ನಿಮಿಷ. ಅಳೆದವರು ಮತ್ತೆ ಆ ಕ್ರಾನ್ ಸಾಲನ್ನು ಸಮರ್ಥಿಸುವುದಿಲ್ಲ. ಅಳೆಯುವುದೇ ಇಲ್ಲ ಎಂಬುದು ನನ್ನ ದೂರು. 'ಸೀನಿಯರ್ ಹೇಳಿದರು', 'ಮೊದಲಿಂದ ಹೀಗೇ ಇದೆ' ಎಂಬ ಮಾತುಗಳು ಕಂಪ್ಯೂಟರ್ ವಿಜ್ಞಾನ ಕಲಿತವರ ಬಾಯಲ್ಲಿ ಬಂದಾಗ ನಿಜಕ್ಕೂ ನೋವಾಗುತ್ತದೆ. ಊಹೆಯ ಬದಲು ಅಳತೆ ಎಂಬುದು ನಮ್ಮ ವೃತ್ತಿಯ ಮೊದಲ ಪಾಠವಾಗಿತ್ತು.

ಮೆಮೊರಿ ನಿಜವಾಗಿಯೂ ಸಾಲದೆ ಹೋಗುವುದುಂಟು. ಅದರ ಗುರುತುಗಳೇ ಬೇರೆ. ಅವೇಲಬಲ್ ಸಂಖ್ಯೆ ಸತತವಾಗಿ ನೆಲಕಚ್ಚಿರುತ್ತದೆ. 'ವಿಎಂಸ್ಟ್ಯಾಟ್' ಕಮಾಂಡ್ ಕೊಟ್ಟರೆ ಸ್ವಾಪ್‌ನ ಒಳಹೋಗುವ, ಹೊರಬರುವ ಎರಡು ಕಾಲಂಗಳು ಸೊನ್ನೆಗೆ ಇಳಿಯುವುದೇ ಇಲ್ಲ. ಮೆಮೊರಿಗಾಗಿ ಪ್ರೋಗ್ರಾಂಗಳು ಎಷ್ಟು ಹೊತ್ತು ಕಾದು ನಿಂತಿವೆ ಎಂಬುದನ್ನು, 2018ರ ಕೊನೆಯಲ್ಲಿ ಬಂದ 4.20 ಆವೃತ್ತಿಯಿಂದ ಲಿನಕ್ಸ್ 'ಪ್ರೆಷರ್' ಎಂಬ ಫೋಲ್ಡರ್‌ನಲ್ಲಿ ನೇರವಾಗಿ ಹೇಳುತ್ತದೆ. ಕಂಪನಿ ಸರ್ವರ್‌ಗಳಲ್ಲಿ ಇದನ್ನು ನೋಡುವವರು ಇನ್ನೂ ಹೆಚ್ಚಬೇಕು. ಕರ್ನೆಲ್ ಲಾಗ್‌ನಲ್ಲಿ 'ಔಟ್ ಆಫ್ ಮೆಮೊರಿ' ಎಂಬ ಸಾಲು ಇರುತ್ತದೆ, ಕಂಟೇನರ್ 137 ಎಂಬ ಸಂಖ್ಯೆ ಕೊಟ್ಟು ಸಾಯುತ್ತದೆ. ಇವುಗಳಲ್ಲಿ ಯಾವುದು ಕಂಡರೂ ಯಾವ ಪ್ರೋಗ್ರಾಂ ದಿನದಿಂದ ದಿನಕ್ಕೆ ಉಬ್ಬುತ್ತಿದೆ ಎಂದು ಹುಡುಕಿ. ಸೋರಿಕೆ ಇದ್ದರೆ ಕೋಡ್ ಸರಿಪಡಿಸಬೇಕು, ಕೆಲಸವೇ ಅಷ್ಟು ದೊಡ್ಡದಿದ್ದರೆ ರ‍್ಯಾಮ್ ಹೆಚ್ಚಿಸಬೇಕು. ಇವೆರಡು ಬಿಟ್ಟು ಮೂರನೆಯ ಪರಿಹಾರವನ್ನು ಯಾರಾದರೂ ಒಂದು ಗುಂಡಿಯಲ್ಲೋ ಒಂದು ಸಾಲಿನಲ್ಲೋ ಕೊಡುತ್ತೇನೆಂದರೆ ನಂಬಬೇಡಿ.