ಗಿಡದ ಜೊತೆ ತೊಟ್ಟಿಗೆ ಬಂದವರು ಯಾರು?

ತುಂಗಭದ್ರಾ ಎಡದಂಡೆ ಕಾಲುವೆಯಿಂದ ನೀರುಣ್ಣುವ ಮಾನ್ವಿಯ ಗದ್ದೆಗಳಿರಲಿ, ನಾರಾಯಣಪುರ ಬಲದಂಡೆ ಕಾಲುವೆ ಹಾಯುವ ದೇವದುರ್ಗದ ಹೊಲಗಳಿರಲಿ, ಅಲ್ಲಿನ ನಿಂತ ನೀರಿನಿಂದ ಒಂದು ಹಿಡಿ ಗಿಡ ಕಿತ್ತು ರಾಯಚೂರಿನ ಮನೆಯ ಅಕ್ವೇರಿಯಂಗೆ ಹಾಕಿದರೆ ಗಿಡವೊಂದೇ ಬರುವುದಿಲ್ಲ. ಎಲೆಗಂಟಿದ ಮೊಟ್ಟೆ, ಮರಿಗಳೂ ಬರುತ್ತವೆ. ಕೆಲವು ದಿನಗಳಲ್ಲಿ ಗಾಜಿನ ಮೇಲೆ ಏನೋ ಹರಿದಾಡುತ್ತದೆ. ಗಾಬರಿಯಾಗಿ ಔಷಧ ಸುರಿಯುವವರೇ ಹೆಚ್ಚು. ಅದಕ್ಕೂ ಮೊದಲು ಬಂದದ್ದು ಯಾರೆಂದು ಗುರುತಿಸಬೇಕು. ಟಾರ್ಚು, ಭೂತಗನ್ನಡಿ ಸಾಕು. ಹಲವು ಜೀವಿಗಳು ಕತ್ತಲಲ್ಲೇ ಹೊರಬರುತ್ತವೆ, ಹಾಗಾಗಿ ತೊಟ್ಟಿಯ ದೀಪ ಆರಿಸಿದ ಮೇಲೆ ನೋಡಿ.

ದಾರದೆಳೆಯಂಥ ಬಾಹುಗಳನ್ನು ಚಾಚಿಕೊಂಡು ಗಾಜಿಗಂಟಿದ, ಮುಟ್ಟಿದೊಡನೆ ಚುಕ್ಕೆಯಷ್ಟಾಗಿ ಮುದುಡುವ ಜೀವಿ ಹೈಡ್ರಾ. ಬಾಹುಗಳಲ್ಲಿರುವ ಕುಟುಕು ಕೋಶಗಳಿಂದ ಅದು ಸಣ್ಣ ಸೀಗಡಿಮರಿ, ಮೀನುಮರಿಗಳನ್ನು ಹಿಡಿಯುತ್ತದೆ. ಇದನ್ನು ಹೊಸಕಬೇಡಿ. ತುಂಡಾದ ಹೈಡ್ರಾದ ಚೂರುಗಳು ಮತ್ತೆ ಇಡೀ ಹೈಡ್ರಾಗಳಾಗಿ ಬೆಳೆಯುತ್ತವೆಂದು ನಿಸರ್ಗವಿಜ್ಞಾನಿ ಅಬ್ರಹಾಂ ಟ್ರೆಂಬ್ಲಿ 1744ರ ತನ್ನ ಪುಸ್ತಕದಲ್ಲೇ ತೋರಿಸಿದ್ದಾನೆ.

ಬಾಲದ ತುದಿಯಲ್ಲಿ ಮೂರು ಎಲೆಯಂಥ ಕಿವಿರುಗಳಿದ್ದು, ಮೈ ಸಣಕಲಾಗಿದ್ದರೆ ಅದು ಡ್ಯಾಮ್ಸೆಲ್‌ಫ್ಲೈ ಮರಿ. ದಪ್ಪ ಹೊಟ್ಟೆಯದು ಏರೋಪ್ಲೇನ್ ಚಿಟ್ಟೆಯ ಮರಿ. ಮಡಚಿಟ್ಟ ಕೆಳದುಟಿಯನ್ನು ಥಟ್ಟನೆ ಮುಂದೆ ಚಾಚಿ ಎರಡೂ ಬೇಟೆಯಾಡುತ್ತವೆ. ಗಪ್ಪಿ ಮೀನಿನ ಮರಿಗಳು ಕಾಣೆಯಾಗುತ್ತಿದ್ದರೆ ಮೊದಲ ಅನುಮಾನ ಇವುಗಳ ಮೇಲಿರಲಿ. ಬಲೆಯಿಂದ ಹಿಡಿದು ತೆಗೆದರೆ ಮುಗಿಯಿತು.

ತ್ರಿಕೋನ ತಲೆಯ, ಎರಡು ಕಣ್ಚುಕ್ಕೆಗಳಿರುವ, ಜಾರುತ್ತ ಸಾಗುವ ಚಪ್ಪಟೆ ಹುಳು ಪ್ಲನೇರಿಯ. ಸೀಗಡಿ ಸಾಕುವವರಿಗೆ ಕಾಟ. ನೀರಲ್ಲಿ ತಿರುಚುತ್ತ ಈಜುವ ಬಿಳಿ ದಾರದಂಥ ಹುಳುಗಳು ಮಾತ್ರ ನಿರುಪದ್ರವಿ. ನೀವು ಆಹಾರ ಹೆಚ್ಚು ಹಾಕುತ್ತಿದ್ದೀರಿ ಎಂದಷ್ಟೇ ಅವುಗಳ ಅರ್ಥ.

ಬಸವನಹುಳುಗಳ ಮೇಲೆ ಜನರಿಗೆ ಸಿಟ್ಟು ಹೆಚ್ಚು, ನನಗದು ಅನ್ಯಾಯವೆನಿಸುತ್ತದೆ. ಮರಳಲ್ಲಿ ಹುದುಗಿರುವ ಶಂಕುವಿನಾಕಾರದ ಮೆಲನಾಯ್ಡಿಸ್ ಮಿಕ್ಕ ಆಹಾರ, ಪಾಚಿ ತಿಂದು ಬದುಕುತ್ತದೆ. ಗಂಡಿಲ್ಲದೆಯೂ ಹೆಣ್ಣು ಮರಿ ಹಾಕುವುದರಿಂದ ಒಂದು ಬಂದರೂ ಸಂಸಾರ ಬೆಳೆಯುತ್ತದೆ. ವಿಷ ಹಾಕಿದರೆ ಒಮ್ಮೆಲೇ ಸತ್ತು ಕೊಳೆತು, ಅಮೋನಿಯಾ ಏರಿ ಮೀನೂ ಸಾಯಬಹುದು. ಮೀನಿನ ಆಹಾರ ಕಡಿಮೆ ಮಾಡಿ, ಬಸವನಹುಳುಗಳ ಸಂಖ್ಯೆಯೂ ಇಳಿಯುತ್ತದೆ.

ಏಷ್ಯಾ, ಆಫ್ರಿಕಾಗಳ ಈ ಬಸವನಹುಳು ಅಕ್ವೇರಿಯಂ ವ್ಯಾಪಾರದ ಜೊತೆ ಸಾಗಿ ಅಮೆರಿಕದ ಕೆರೆ, ತೊರೆಗಳನ್ನು ಸೇರಿದೆ. 2021ರಲ್ಲಿ ಅಲ್ಲಿನ ಅಂಗಡಿಗಳ ಅಲಂಕಾರಿಕ ಪಾಚಿ ಉಂಡೆಗಳಲ್ಲಿ ಜೀಬ್ರಾ ಮಸೆಲ್ ಎಂಬ ಚಿಪ್ಪುಜೀವಿ ಸಿಕ್ಕಿ, ಅಧಿಕಾರಿಗಳು ಉಂಡೆಗಳನ್ನು ನಾಶಪಡಿಸಲು ಹೇಳಬೇಕಾಯಿತು. ರಾಯಚೂರಿನ ಒಂದು ಕಡೆ ಕೃಷ್ಣಾ, ಇನ್ನೊಂದು ಕಡೆ ತುಂಗಭದ್ರಾ; ನಮ್ಮ ತೊಟ್ಟಿಯ ಜೀವಿಗಳು ಹೀಗೆ ಅವನ್ನು ಸೇರದಿರಲಿ. ಹೊಸ ಗಿಡವನ್ನು ಎರಡು ವಾರ ಬೇರೆ ಬಕೆಟ್‌ನಲ್ಲಿಟ್ಟು ನೋಡಿ. ಬೇಡವಾದ ಗಿಡ, ಹುಳುಗಳನ್ನು ಬಿಸಿಲಲ್ಲಿ ಒಣಗಿಸಿ, ತೊಟ್ಟಿಯ ನೀರನ್ನು ಮನೆಯ ಗಿಡಗಳಿಗೆ ಹಾಕಿ. ಕಾಲುವೆಗೆ ಮಾತ್ರ ಸುರಿಯಬೇಡಿ.