ಮೆಟ್ಟಿಲೇ ಬೀದಿಯಾದ ಊರು

ವಾಲ್ಪರೈಸೊ ಬಂದರಿನೆದುರಿನ ಸೊತೊಮಯೋರ್ ಚೌಕದಲ್ಲಿ ನಿಂತು ನಕ್ಷೆ ಬಿಡಿಸಿದರೆ, ಹೋಗಬೇಕಾದ ಜಾಗ ನಾಲ್ಕೇ ಹೆಜ್ಜೆ ಅನಿಸುತ್ತದೆ. ಕತ್ತೆತ್ತಿದರೆ ಅದು ನೆತ್ತಿಯ ಮೇಲಿರುತ್ತದೆ! ಚಿಲಿ ದೇಶದ ಈ ರೇವು ಪಟ್ಟಣವನ್ನು ನಡೆದು ನೋಡಹೊರಟವರಿಗೆ ಎಡ-ಬಲಕ್ಕಿಂತ ಮೇಲೆ-ಕೆಳಗಿನ ಲೆಕ್ಕವೇ ಮುಖ್ಯ.

ಸಮುದ್ರಕ್ಕೆ ಅಂಟಿಕೊಂಡ ಸಪಾಟು ನೆಲದ ಪಟ್ಟಿಗೆ ಊರವರು 'ಎಲ್ ಪ್ಲಾನ್' ಅನ್ನುತ್ತಾರೆ. ಬ್ಯಾಂಕು, ಕಚೇರಿ, ಮಾರುಕಟ್ಟೆ ಎಲ್ಲ ಅಲ್ಲೇ. ಅದರ ಬೆನ್ನಿಗೆ 40ಕ್ಕೂ ಹೆಚ್ಚು ಗುಡ್ಡಗಳು, ನಡುನಡುವೆ ಆಳದ ಕೊರಕಲುಗಳು. ಎದುರು ಗುಡ್ಡದ ಮನೆಯಲ್ಲಿ ಒಣಹಾಕಿದ ಅಂಗಿಯ ಬಣ್ಣ ಕಾಣುತ್ತದೆ. ಅಲ್ಲಿಗೆ ಹೋಗಬೇಕೆಂದರೆ ಮಾತ್ರ ಪೂರ್ತಿ ಇಳಿದು ಮತ್ತೆ ಹತ್ತಬೇಕು.

ಹತ್ತುವ ಸಂಕಟಕ್ಕೆ ಊರು ಕಂಡುಕೊಂಡ ಉಪಾಯ 'ಅಸೆನ್ಸೋರ್'. ಕಡಿದಾದ ಹಳಿಗಳ ಮೇಲೆ ಓರೆಯಾಗಿ ಏರುವ ಪುಟ್ಟ ಡಬ್ಬಿ ಅದು. ಒಂದು ಮೇಲೆ ಹೋದರೆ ಇನ್ನೊಂದು ಕೆಳಗೆ ಬರುತ್ತದೆ, ರಾಟೆಯ ಹಗ್ಗಕ್ಕೆ ಎರಡು ಕೊಡ ಕಟ್ಟಿದ ಹಾಗೆ. ಮೊದಲನೆಯದು 1883ರಲ್ಲಿ ಕನ್ಸೆಪ್ಸಿಯೊನ್ ಗುಡ್ಡಕ್ಕೆ ಓಡಿತು. ಶುರುವಿನಲ್ಲಿ ನೀರಿನ ಭಾರವೇ ಅದನ್ನು ಎಳೆಯುತ್ತಿತ್ತು. ಪೊಲಾಂಕೊ ಗುಡ್ಡದ್ದು ಇನ್ನೂ ವಿಶೇಷ. ಬೀದಿಯಿಂದ ಗುಡ್ಡದ ಹೊಟ್ಟೆಯೊಳಕ್ಕೆ ಉದ್ದನೆಯ ಸುರಂಗ, ಅದರ ಕೊನೆಯಲ್ಲಿ ನೆಟ್ಟಗೆ ಮೇಲೇರುವ ಲಿಫ್ಟ್. ತಣ್ಣನೆಯ ಸುರಂಗದಲ್ಲಿ ತನ್ನ ಹೆಜ್ಜೆಯ ಸದ್ದನ್ನೇ ಕೇಳುತ್ತ ನಡೆದ ಪ್ರವಾಸಿ, ಸ್ವಲ್ಪ ಹೊತ್ತಿಗೆ ಗೋಪುರದ ತುದಿಯ ಸೇತುವೆಯ ಮೇಲೆ ಗಾಳಿಗೆ ಮೈಯೊಡ್ಡಿ ನಿಂತಿರುತ್ತಾನೆ. ಈ ಊರಿನಲ್ಲಿ ಒಂದೇ ಒಂದು ಸವಾರಿಗೆ ಸಮಯವಿದ್ದರೆ ಇದನ್ನೇ ಆರಿಸಿಕೊಳ್ಳಬೇಕು.

ಹತ್ತುವಾಗ ಲಿಫ್ಟ್, ಇಳಿಯುವಾಗ ಕಾಲು. ಹೊಸಬರಿಗೆ ಇದೇ ಸರಿಯಾದ ಕ್ರಮ. ಇಳಿಯುವ ದಾರಿಯಲ್ಲೇ ಊರು ಹತ್ತಿರದಿಂದ ಸಿಗುವುದು. ಮನೆಬಾಗಿಲು ನೇರ ಮೆಟ್ಟಿಲಿಗೇ ತೆರೆಯುತ್ತದೆ, ಗ್ಯಾಸ್ ಸಿಲಿಂಡರು ಹೆಗಲ ಮೇಲೇ ಹೋಗುತ್ತದೆ. ಗೋಡೆಗಳಿಗೆ ಸುಕ್ಕುಸುಕ್ಕಾದ ತಗಡಿನ ಹೊದಿಕೆ. ಅದಕ್ಕೆ ಹಳದಿ, ನೀಲಿ, ಇಟ್ಟಿಗೆಗೆಂಪು ಬಣ್ಣ. ಬೆರಳಿನಿಂದ ತಟ್ಟಿದರೆ ಟಣ್ಣೆನ್ನುತ್ತದೆ. ಒಳಗಿರುವುದು ಮರದ ಚೌಕಟ್ಟು, ಮಣ್ಣಿನ ಇಟ್ಟಿಗೆ. ಮಳೆ ಮತ್ತು ಕಡಲಗಾಳಿಯಿಂದ ಅದನ್ನು ಕಾಪಾಡುವುದು ತಗಡು.

ಆ ತಗಡು ಹಡಗಿನಲ್ಲಿ ಬಂದದ್ದು. ದಕ್ಷಿಣ ಅಮೆರಿಕದ ತುದಿಯನ್ನು ಬಳಸಿ ಪೆಸಿಫಿಕ್‌ಗೆ ಬರುವ ಹಡಗುಗಳಿಗೆ 19ನೇ ಶತಮಾನದಲ್ಲಿ ಈ ಊರು ದೊಡ್ಡ ತಂಗುದಾಣ. ಇಂಗ್ಲಿಷರು, ಜರ್ಮನ್ನರು ವ್ಯಾಪಾರಕ್ಕೆ ಬಂದು ಇಲ್ಲೇ ನೆಲೆಯೂರಿದರು. ಅವರ ಆಂಗ್ಲಿಕನ್ ಮತ್ತು ಲೂಥರನ್ ಚರ್ಚುಗಳು ಕನ್ಸೆಪ್ಸಿಯೊನ್ ಗುಡ್ಡದಲ್ಲಿ ಇಂದಿಗೂ ಇವೆ. 1906ರ ಭೂಕಂಪ ಊರನ್ನು ಕೆಡವಿತು. ಎದ್ದು ಕೂರುವಷ್ಟರಲ್ಲಿ, 1914ರಲ್ಲಿ, ಪನಾಮಾ ಕಾಲುವೆ ತೆರೆಯಿತು. ಹಡಗುಗಳು ದಾರಿ ಬದಲಿಸಿದವು. 2003ರಲ್ಲಿ ಯುನೆಸ್ಕೊ ಹಳೆಯ ಬಂದರು ಭಾಗವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಕವಿ ಪಾಬ್ಲೊ ನೆರೂಡನ ಮನೆ 'ಲಾ ಸೆಬಾಸ್ತಿಯಾನಾ' ಫ್ಲೋರಿಡಾ ಗುಡ್ಡದಲ್ಲಿದೆ, ಈಗ ವಸ್ತುಸಂಗ್ರಹಾಲಯ. ಅಲ್ಲಿಂದಲೂ ಮೇಲಕ್ಕೆ ಕಣ್ಣು ಹಾಯಿಸಿದರೆ ಮನೆಗಳು ಮುಗಿಯುವುದೇ ಇಲ್ಲ. ಪ್ರವಾಸಿಗಳು ಅಷ್ಟು ದೂರ ಹೋಗುವುದು ಕಡಿಮೆ. 2014ರ ಏಪ್ರಿಲ್‌ನಲ್ಲಿ ಮೇಲಿನ ಗುಡ್ಡಗಳಿಗೆ ಬೆಂಕಿ ಬಿದ್ದು 2,000ಕ್ಕೂ ಹೆಚ್ಚು ಮನೆಗಳು ಸುಟ್ಟವು. ಗಾಳಿಗೆ ಜ್ವಾಲೆ ಕೊರಕಲಿನಿಂದ ಕೊರಕಲಿಗೆ ಹಾರುತ್ತಿತ್ತು. ನಡೆಯುವವನಿಗೆ ಚೆಂದ ಕಾಣುವ ಇಕ್ಕಟ್ಟು ಓಣಿಗಳಲ್ಲಿ ಅಂದು ಅಗ್ನಿಶಾಮಕ ವಾಹನಗಳು ನುಗ್ಗಲು ಹೆಣಗಾಡಿದವು.