ಚೆಲುವಿದ್ದ ಮಾತ್ರಕ್ಕೆ ಐಷಾರಾಮಿಯೇ?

ಕರ್ನಾಟಕದಲ್ಲಿ ಮಜ್ದಾ ಎಂದರೆ ಬಹಳ ಜನರ ಕಣ್ಣೆದುರು ಬರುವುದು ಮಿನಿ ಬಸ್ಸು. ಶಾಲೆಯ ಮಕ್ಕಳನ್ನೋ ಮದುವೆ ದಿಬ್ಬಣವನ್ನೋ ತುಂಬಿಕೊಂಡು ಓಡಾಡಿದ ಸ್ವರಾಜ್ ಮಜ್ದಾ. 1980ರ ದಶಕದಲ್ಲಿ ಜಪಾನಿನ ಮಜ್ದಾ ಕಂಪನಿಯ ಸಹಯೋಗದಿಂದ ಪಂಜಾಬಿನಲ್ಲಿ ಹುಟ್ಟಿದ ಆ ಗಾಡಿ ದುಡಿಮೆಗೆ ಹೆಸರಾಗಿತ್ತು. ಅದನ್ನು ಐಷಾರಾಮಿ ಎಂದು ಯಾರೂ ಕರೆದವರಲ್ಲ. ಆದರೆ ಅದೇ ಹೆಸರು ಹೊತ್ತ ಕಾರುಗಳ ಸುತ್ತ ಅಮೆರಿಕ, ಆಸ್ಟ್ರೇಲಿಯ, ಯುರೋಪುಗಳ ಕಾರುಪ್ರಿಯರ ನಡುವೆ ಒಂದು ವಾದ ವರ್ಷಗಳಿಂದ ನಡೆದೇ ಇದೆ. ಇಷ್ಟು ಚೆಂದದ ಕಾರನ್ನು ಬಿಎಂಡಬ್ಲ್ಯು, ಆಡಿ, ಲೆಕ್ಸಸ್‌ಗಳ ಸಾಲಿಗೆ ಸೇರಿಸಬೇಕೋ, ಇಲ್ಲ ಹೋಂಡಾ, ಟೊಯೊಟಾಗಳ ಪಕ್ಕದಲ್ಲೇ ಬಿಡಬೇಕೋ?

ಸೇರಿಸಿ ಎನ್ನುವವರ ಕೈಯಲ್ಲಿ ಬಲವಾದ ಸಾಕ್ಷ್ಯಗಳಿವೆ.

ಮೊದಲನೆಯದು ಅಂದ. 2009ರಲ್ಲಿ ಮಜ್ದಾದ ವಿನ್ಯಾಸ ವಿಭಾಗದ ಹೊಣೆ ಇಕುವೊ ಮಯೆದಾ ಅವರಿಗೆ ಬಂತು. ಅವರ ತಂದೆ ಮತಸಬುರೊ ಮಯೆದಾ ಇದೇ ಕಂಪನಿಯಲ್ಲಿ 1978ರ ಆರ್‌ಎಕ್ಸ್-7 ಸ್ಪೋರ್ಟ್ಸ್ ಕಾರಿಗೆ ರೂಪ ಕೊಟ್ಟವರು. ಮಗ ತಂದ ‘ಕೊಡೊ’ ಶೈಲಿ ನಿಂತ ಕಾರಿನಲ್ಲೂ ಚಲನೆಯ ಜೀವ ಕಾಣಬೇಕೆಂದು ಬಯಸಿತು. 2019ರ ಮಜ್ದಾ 3 ಕಾರಿನ ಪಕ್ಕೆಯನ್ನು ನೋಡಿದರೆ ಅದರ ಅರ್ಥ ತಿಳಿಯುತ್ತದೆ. ಬೇರೆ ಕಾರುಗಳ ಬಾಗಿಲ ಮೇಲೆ ಎದ್ದು ಕಾಣುವ ಚೂಪಾದ ಗೆರೆ ಇಲ್ಲಿಲ್ಲ. ತಗಡಿನ ನಯವಾದ ಏರಿಳಿತವಷ್ಟೇ ಇದೆ. ಕಾರು ಮುಂದೆ ಸಾಗಿದಂತೆ ಸುತ್ತಲಿನ ಬೆಳಕು ಅದರ ಮೇಲೆ ಬಳುಕುತ್ತ ಜಾರುತ್ತದೆ. ಆ ಕಾರು 2020ರಲ್ಲಿ ವಿಶ್ವದ ಅತ್ಯುತ್ತಮ ಕಾರು ವಿನ್ಯಾಸ ಪ್ರಶಸ್ತಿ ಗೆದ್ದಿತು.

ಎರಡನೆಯದು ಕೈಕೆಲಸ. ಮಜ್ದಾದ ‘ಸೋಲ್ ರೆಡ್ ಕ್ರಿಸ್ಟಲ್’ ಎಂಬ ಕೆಂಪು ಮಾಮೂಲಿ ಕೆಂಪಲ್ಲ. ಬೆಳಕನ್ನು ಹಿಂದಕ್ಕೆ ಚಿಮ್ಮಿಸುವ ಪದರ, ಅದರ ಮೇಲೆ ಅರೆಪಾರದರ್ಶಕ ಕೆಂಪು, ಮೇಲೆ ತಿಳಿ ಲೇಪ: ಈ ಮೂರು ಪದರಗಳಿಂದ ಬಣ್ಣಕ್ಕೆ ಮಾಗಿದ ದಾಳಿಂಬೆ ಕಾಳಿನ ಆಳ ಬರುತ್ತದೆ. ನುರಿತ ಬಣ್ಣಗಾರರ ಕೈಚಳಕವನ್ನು ಕಾರ್ಖಾನೆಯ ರೋಬೋಟುಗಳಿಗೆ ಕಲಿಸಿ ಈ ಲೇಪ ಹಚ್ಚಿಸುತ್ತಾರೆ. 2022ರಲ್ಲಿ ಬಂದ ಸಿಎಕ್ಸ್-60 ಕಾರಿನ ದುಬಾರಿ ಮಾದರಿಯಲ್ಲಿ ಮೇಪಲ್ ಮರದ ಪಟ್ಟಿಗಳಿವೆ. ಅದರ ಡ್ಯಾಶ್‌ಬೋರ್ಡಿನ ಬಟ್ಟೆಯನ್ನು ಹಳೆಯ ಜಪಾನಿ ಪುಸ್ತಕ ಹೊಲಿಗೆಯ ರೀತಿಯಲ್ಲಿ, ಎರಡು ಅಂಚುಗಳ ನಡುವೆ ಸಣ್ಣ ಸಂದು ಬಿಟ್ಟು ಹೊಲಿದಿದ್ದಾರೆ.

ಮೂರನೆಯದು ನಂಬಿಕೆ. ಅಮೆರಿಕದ ‘ಕನ್ಸ್ಯೂಮರ್ ರಿಪೋರ್ಟ್ಸ್’ ಪತ್ರಿಕೆಯ 2020ರ ಬಾಳಿಕೆ ಸಮೀಕ್ಷೆಯಲ್ಲಿ ಲೆಕ್ಸಸ್, ಟೊಯೊಟಾಗಳನ್ನೂ ಹಿಂದಿಕ್ಕಿ ಮಜ್ದಾ ಮೊದಲ ಸ್ಥಾನಕ್ಕೇರಿತು.

ಇಷ್ಟೆಲ್ಲ ಇದ್ದ ಮೇಲೂ ಒಪ್ಪದವರು ಬಾನೆಟ್ ಎತ್ತಿ ತೋರಿಸುತ್ತಾರೆ. ಸಾಮಾನ್ಯ ಕಾರುಗಳಲ್ಲಿ ಎಂಜಿನ್ ಅಡ್ಡಲಾಗಿ ಕೂತಿರುತ್ತದೆ, ಮುಂದಿನ ಚಕ್ರಗಳು ಗಾಡಿಯನ್ನು ಎಳೆಯುತ್ತವೆ. ಇದಕ್ಕೆ ಖರ್ಚು ಕಡಿಮೆ, ಒಳಗೆ ಜಾಗವೂ ಜಾಸ್ತಿ. ಬಿಎಂಡಬ್ಲ್ಯು, ಮರ್ಸಿಡಿಸ್‌ಗಳ ದೊಡ್ಡ ಕಾರುಗಳಲ್ಲಿ ಎಂಜಿನ್ ಉದ್ದಕ್ಕೆ ಕೂರುತ್ತದೆ, ತಳ್ಳುವ ಕೆಲಸ ಮುಖ್ಯವಾಗಿ ಹಿಂಚಕ್ರಗಳದು. ಮುಂಚಕ್ರಗಳಿಗೆ ತಿರುಗುವ ಕೆಲಸವೇ ಮುಖ್ಯವಾದ್ದರಿಂದ ಸ್ಟೀರಿಂಗ್ ಹಗುರವೂ ನಿಖರವೂ ಆಗಿರುತ್ತದೆ. ಒಂದೇ ಸಾಲಿನಲ್ಲಿ ಆರು ಸಿಲಿಂಡರ್ ಜೋಡಿಸಿದರೆ ಪಿಸ್ಟನ್‌ಗಳ ಏರಿಳಿತದ ಬಲ ಪರಸ್ಪರ ಸರಿದೂಗಿ ಎಂಜಿನ್ನಿನ ನಡುಕ ಬಹುಮಟ್ಟಿಗೆ ಅಡಗುತ್ತದೆ. ಹಣವಂತರು ತೆರುವ ಬೆಲೆಯ ಒಂದು ದೊಡ್ಡ ಪಾಲು ಈ ನಯಕ್ಕೆ.

ಮಜ್ದಾ 3ರಲ್ಲಿ ಇದಿಲ್ಲ. ಅಷ್ಟೇ ಅಲ್ಲ, 2019ರ ಹೊಸ ಮಾದರಿಯಲ್ಲಿ ಕಂಪನಿ ಒಂದು ಹೆಜ್ಜೆ ಹಿಂದಿಟ್ಟಿತು. ಹಿಂದಿನ ಮಾದರಿಯ ಎರಡು ಹಿಂಚಕ್ರಗಳು ಸ್ವತಂತ್ರವಾಗಿ ಏರಿಳಿಯುತ್ತಿದ್ದವು. ಹೊಸದರಲ್ಲಿ ಅವೆರಡನ್ನೂ ಒಂದು ತೊಲೆಯಿಂದ ಜೋಡಿಸಲಾಯಿತು. ಒಂದು ಚಕ್ರ ಗುಂಡಿಗಿಳಿದರೆ ಅದರ ಪೆಟ್ಟು ಇನ್ನೊಂದಕ್ಕೂ ತಟ್ಟುವಂಥ, ಖರ್ಚು ಕಡಿಮೆಯ ಏರ್ಪಾಡು ಇದು. ಕಣ್ಣಿಗೆ ಕಾಣುವ ಕಡೆ ಧಾರಾಳ, ಕಾಣದ ಕಡೆ ಕೈಬಿಗಿ ಎಂಬ ಟೀಕೆ ಆಗ ಜೋರಾಗಿಯೇ ಎದ್ದಿತು.

ಕಂಪನಿಯ ಉತ್ತರ 2023ರ ಸಿಎಕ್ಸ್-90. ಉದ್ದಕ್ಕೆ ಕೂತ 3.3 ಲೀಟರ್‌ನ ಆರು ಸಿಲಿಂಡರ್ ಎಂಜಿನ್, ಹಿಂಚಕ್ರ ಚಾಲನೆಯನ್ನು ಆಧರಿಸಿದ ಹೊಸ ಅಡಿಪಾಯ. ಅಮೆರಿಕದಲ್ಲಿ ಅದರ ಬೆಲೆ ಸುಮಾರು 40 ಸಾವಿರ ಡಾಲರ್‌ನಿಂದ ಶುರುವಾಯಿತು. ಅದೇ ಬಗೆಯ ಎಂಜಿನ್ನಿರುವ ಬಿಎಂಡಬ್ಲ್ಯು ಎಕ್ಸ್5 ಆಗ 60 ಸಾವಿರ ಡಾಲರ್ ದಾಟಿತ್ತು. ಹಾಗಾದರೆ ಮಜ್ದಾ ಈಗಲಾದರೂ ಗೆರೆ ದಾಟಿತೇ?

ಇಲ್ಲಿ ಜರ್ಮನಿಯ ಒಂದು ಕಾರಿನ ಕಥೆ ನೆನಪಿಸಿಕೊಳ್ಳಬೇಕು. ಫೋಕ್ಸ್‌ವ್ಯಾಗನ್ ಮುಖ್ಯಸ್ಥ ಫರ್ಡಿನಂಡ್ ಪಿಯೆಹ್ 2002ರಲ್ಲಿ ಫೇಟನ್ ಎಂಬ ಕಾರನ್ನು ತಂದರು. ಹೊರಗೆ 50 ಡಿಗ್ರಿ ಬಿಸಿಲಿದ್ದಾಗ ಗಂಟೆಗೆ 300 ಕಿಲೋಮೀಟರ್ ವೇಗದಲ್ಲಿ ದಿನವಿಡೀ ಓಡಿದರೂ ಒಳಗೆ 22 ಡಿಗ್ರಿ ಇರಬೇಕೆಂಬುದು ಅವರು ಎಂಜಿನಿಯರುಗಳ ಮುಂದಿಟ್ಟ ಬೇಡಿಕೆಗಳಲ್ಲೊಂದು. ಅದಕ್ಕಾಗಿಯೇ ಡ್ರೆಸ್ಡೆನ್ ನಗರದಲ್ಲಿ ಗಾಜಿನ ಗೋಡೆಯ ಕಾರ್ಖಾನೆ ಎದ್ದಿತು. ಕಾರಿನಲ್ಲಿ ಕೊರತೆಯೇನೂ ಇರಲಿಲ್ಲ. ಆದರೆ ಮುಂಭಾಗದಲ್ಲಿದ್ದದ್ದು ‘ಜನರ ಕಾರು’ ಎಂಬ ಅರ್ಥದ ಹೆಸರಿನ ಲಾಂಛನ. ಅಮೆರಿಕದಲ್ಲಿ 2006ರ ಹೊತ್ತಿಗೆ ಮಾರಾಟ ನಿಂತಿತು. ಅದರದೇ ಅಡಿಪಾಯದ ಮೇಲೆ ಕಟ್ಟಿದ ಬೆಂಟ್ಲಿ ಕಾಂಟಿನೆಂಟಲ್ ಜಿಟಿ ಮಾತ್ರ ಇನ್ನೂ ಹೆಚ್ಚಿನ ಬೆಲೆಗೆ ಚೆನ್ನಾಗಿ ಬಿಕರಿಯಾಯಿತು.

ಹೆಸರಿನ ಗೌರವ ಜಾಹೀರಾತಿನಿಂದಷ್ಟೇ ಬರುವುದಲ್ಲ. ಟೊಯೊಟಾ 1989ರಲ್ಲಿ ಲೆಕ್ಸಸ್ ಶುರು ಮಾಡಿದ ಕೆಲವೇ ತಿಂಗಳಲ್ಲಿ ಮೊದಲ ಎಲ್‌ಎಸ್ 400 ಕಾರುಗಳಲ್ಲಿ ದೋಷ ಕಂಡಿತು. ಸುಮಾರು 8,000 ಕಾರುಗಳನ್ನು ವಾಪಸು ಕರೆಸಬೇಕಾಯಿತು. ಸಿಬ್ಬಂದಿ ಗ್ರಾಹಕರ ಮನೆಗಳಿಗೇ ಹೋಗಿ ಕಾರು ತಂದು, ರಿಪೇರಿ ಮಾಡಿ, ತೊಳೆದು, ಪೆಟ್ರೋಲ್ ತುಂಬಿಸಿ ಮರಳಿಸಿದರು. ಮುಳುವಾಗಬಹುದಾಗಿದ್ದ ಆ ಘಟನೆಯೇ ಲೆಕ್ಸಸ್‌ಗೆ ಹೆಸರು ತಂದಿತು. ಐಷಾರಾಮಿ ಕಾರು ಕೊಳ್ಳುವವರು ತೊಗಲಿನ ಸೀಟಿನ ಜೊತೆಗೆ ಈ ಉಪಚಾರಕ್ಕೂ ಹಣ ಕೊಟ್ಟಿರುತ್ತಾರೆ. ಚೆಲುವಾದ ಕಾರನ್ನು ಸಾಮಾನ್ಯ ಮಳಿಗೆಯಲ್ಲಿ, ಸಾಮಾನ್ಯ ಸರ್ವಿಸ್ ಸೆಂಟರಿನ ಸರದಿಯಲ್ಲಿ ನಿಲ್ಲಿಸಿ ಆ ಅನುಭವ ಕೊಡುವುದು ಕಷ್ಟ.

ಮಜ್ದಾಕ್ಕೂ ಇದು ಗೊತ್ತಿಲ್ಲದ್ದೇನಲ್ಲ. ಲೆಕ್ಸಸ್ ಹಾದಿಯಲ್ಲೇ ನಡೆಯಲು ಅದು 1991ರಲ್ಲಿ ‘ಅಮಾಟಿ’ ಎಂಬ ಪ್ರತ್ಯೇಕ ಐಷಾರಾಮಿ ಬ್ರ್ಯಾಂಡ್ ಘೋಷಿಸಿತ್ತು. ಅಷ್ಟರಲ್ಲಿ ಜಪಾನಿನ ಷೇರು ಮತ್ತು ಭೂಮಿ ಬೆಲೆಗಳ ಗುಳ್ಳೆ ಒಡೆಯಿತು. 1992ರಲ್ಲಿ ಯೋಜನೆಯನ್ನೇ ಕೈಬಿಡಲಾಯಿತು. ಅಮಾಟಿಗೆಂದು ರೂಪಿಸಿದ್ದ ಕಾರು ಅಮೆರಿಕದ ಪೇಟೆಗೆ ಮಿಲೆನಿಯಾ ಎಂಬ ಹೆಸರಿನಲ್ಲಿ, ಮಜ್ದಾ ಲಾಂಛನದೊಂದಿಗೇ ಬಂತು. ಎಷ್ಟೋ ವರ್ಷ ಆನಂತರ ಇದೇ ಇಕ್ಕಟ್ಟಿಗೆ ಸಿಕ್ಕ ಹುಂಡೈ, 2015ರಲ್ಲಿ ಜೆನೆಸಿಸ್ ಎಂಬ ಬೇರೆ ಬ್ರ್ಯಾಂಡನ್ನೇ ಕಟ್ಟಿ ಹೊರಬಂದಿತು.

ಸರ್ಕಾರಗಳನ್ನು ಕೇಳಿದರೆ ತಕರಾರು ಬಗೆಹರಿಯುವುದೇ? ಆಸ್ಟ್ರೇಲಿಯದಲ್ಲಿ 2000ದಿಂದ ಐಷಾರಾಮಿ ಕಾರು ತೆರಿಗೆಯಿದೆ. ನಿಗದಿತ ಮಿತಿ ಮೀರಿದ ಬೆಲೆಯ ಮೇಲೆ ಶೇ 33 ತೆರಬೇಕು. ಹೊಲ, ಗಣಿಗಳ ದೂಳಿನಲ್ಲಿ ದುಡಿಯುವ ಟೊಯೊಟಾ ಲ್ಯಾಂಡ್ ಕ್ರೂಸರ್ ಕೂಡ ಈ ಲೆಕ್ಕದಲ್ಲಿ ಐಷಾರಾಮಿಯೇ. ಭಾರತದಲ್ಲಿ 2025ರ ಸೆಪ್ಟೆಂಬರ್ 22ರಿಂದ ಜಾರಿಯಾದ ಜಿಎಸ್‌ಟಿ ದರಗಳು ಕಾರಿನ ಉದ್ದ ಮತ್ತು ಎಂಜಿನ್ ಗಾತ್ರವನ್ನು ಅಳೆಯುತ್ತವೆ. ಬಿಡದಿಯಲ್ಲಿ ತಯಾರಾಗಿ ಟ್ಯಾಕ್ಸಿಯಾಗಿ ಓಡುವ ಇನ್ನೋವಾಕ್ಕೂ ಪೆಟ್ರೋಲ್ ಮರ್ಸಿಡಿಸ್‌ಗೂ ಒಂದೇ ಶೇ 40. ತೆರಿಗೆ ಇಲಾಖೆಯ ಅಳತೆಗೋಲು ಬೊಕ್ಕಸಕ್ಕೆ ಸರಿ, ಈ ಪ್ರಶ್ನೆಗೆ ಸಾಲದು.

ಎಲ್ಲ ತೂಗಿ ನೋಡಿದರೆ ಮಜ್ದಾ ಐಷಾರಾಮಿ ಬ್ರ್ಯಾಂಡ್ ಅಲ್ಲ ಎನ್ನುವುದೇ ಸರಿ. ಹಾಗೆಂದ ಕೂಡಲೇ ಅದಕ್ಕೆ ಅವಮಾನವಾಯಿತೆಂದು ಭಾವಿಸಬೇಕಿಲ್ಲ; ಅದರ ಹುಟ್ಟೇ ಬೇರೆ. ಮೀನುಗಾರನ ಮಗ ಜುಜಿರೊ ಮತ್ಸುದಾ ಅವರ ಕೈಯಲ್ಲಿ ಬೆಳೆದ ಈ ಸಂಸ್ಥೆ 1920ರಲ್ಲಿ ಹಿರೋಷಿಮಾದ ಬಿರಡೆ ಕಾರ್ಖಾನೆಯಾಗಿ ಆರಂಭವಾಯಿತು. 1931ರಲ್ಲಿ ಅದು ಕಟ್ಟತೊಡಗಿದ ವಾಹನ ಸರಕು ಸಾಗಿಸುವ ಮೂರು ಚಕ್ರದ ಗಾಡಿ. 1945ರ ಆಗಸ್ಟ್ 6ರಂದು ಅಣುಬಾಂಬ್ ಬಿದ್ದಾಗ ನಡುವೆ ಹಿಜಿಯಾಮಾ ಗುಡ್ಡ ಅಡ್ಡವಿದ್ದ ಕಾರಣ ಕಾರ್ಖಾನೆ ಉಳಿಯಿತು. ನೆಲೆ ಕಳೆದುಕೊಂಡ ಪ್ರಾಂತೀಯ ಸರ್ಕಾರದ ಕಚೇರಿಗಳು ಅಲ್ಲೇ ಕೆಲಸ ಮಾಡಿದವು. ಅದೇ ಡಿಸೆಂಬರಿನಲ್ಲಿ ಮೂರು ಚಕ್ರದ ಗಾಡಿಗಳು ಮತ್ತೆ ಹೊರಬರತೊಡಗಿದವು. ಸುಟ್ಟ ಊರನ್ನು ಕಟ್ಟಲು ಬೇಕಾಗಿದ್ದದ್ದು ಅಂಥ ಗಾಡಿಗಳೇ.

ಐಷಾರಾಮಿ ಬ್ರ್ಯಾಂಡು ಬದುಕುವುದು ಅಂತರದಿಂದ: ಕೆಲವರಿಗೆ ಸಿಗಬೇಕು, ಉಳಿದವರು ನೋಡಬೇಕು. ಮಜ್ದಾದ ಒಳ್ಳೆಯತನವಿರುವುದು ಅದರ ಎದುರು ದಿಕ್ಕಿನಲ್ಲಿ. ಶಿಕ್ಷಕರೋ ದಾದಿಯರೋ ತಿಂಗಳ ಕಂತಿನಲ್ಲಿ ಕೊಳ್ಳಬಲ್ಲ ಕಾರಿನ ಬಾಗಿಲ ಮೇಲೂ ಬೆಳಕು ಹೇಗೆ ಬೀಳಬೇಕೆಂದು ಅಲ್ಲಿ ಜೇಡಿಮಣ್ಣಿನ ಮಾದರಿ ತಿದ್ದುವ ಕುಶಲಿಗರು ತಲೆಕೆಡಿಸಿಕೊಂಡಿದ್ದಾರೆ. ಅದರ ಅತ್ಯುತ್ತಮ ಬಣ್ಣವಾದ ಆ ಮೂರು ಪದರದ ಕೆಂಪನ್ನು ಕಂಪನಿ ಅತಿ ದುಬಾರಿ ಸಿಎಕ್ಸ್-90ಕ್ಕೆಂದು ಎತ್ತಿಟ್ಟಿಲ್ಲ. ಊರೊಳಗಿನ ಓಡಾಟಕ್ಕೆಂದೇ ಇರುವ ಪುಟ್ಟ ಮಜ್ದಾ 2 ಕೂಡ ಅದೇ ಕೆಂಪಿನಲ್ಲಿ ಬಂದಿದೆ.